ಕ್ಷೇತ್ರಕಾರ್ಯದ ನೆಟ್‌ಬುಕ್ ಮತ್ತು ಲಿನಕ್ಸ್ ಸಂಗ್ರಹ ವ್ಯವಸ್ಥೆ

ಕಲಬುರಗಿ ಸೀಮೆಯ ತತ್ವಪದ, ಮೊಹರಂ ಪದ, ಹಂತಿ ಪದಗಳ ಸಂಗ್ರಹಕಾರ್ಯದಲ್ಲಿ ಧ್ವನಿಸುರುಳಿಯ ಸ್ಥಾನವನ್ನು ಗಣಕಯಂತ್ರದ ಕಡತ ಪಡೆದುಕೊಂಡಿದೆ. ಹಾಡಿದವರು ಇಲ್ಲವಾದ ಬಳಿಕ ಈ ಕಡತವೊಂದೇ ಆಕರವಾಗಿ ಉಳಿಯಬಹುದು. ಆದುದರಿಂದ ಅದು ಯಂತ್ರದಲ್ಲಿ ಎಲ್ಲಿ ನೆಲೆಗೊಂಡಿದೆ ಎಂಬ ಅರಿವು ಸಂಶೋಧಕನಿಗೆ ಅಗತ್ಯ.

2007ರಲ್ಲಿ ಬಂದ ಏಸಸ್ ಸಂಸ್ಥೆಯ ‘ಈ ಪಿಸಿ 701’ ಲಿನಕ್ಸ್‌ನೊಂದಿಗೆ ದೊರೆತ ಪುಟ್ಟ ನೆಟ್‌ಬುಕ್. ಅದರ ಜನಪ್ರಿಯ ಆವೃತ್ತಿಯ ಒಳಸಂಗ್ರಹ 4 ಗಿಗಾಬೈಟ್ ಮಾತ್ರ. ಸಿ.ಡಿ. ಗುಣಮಟ್ಟದ ಒಂದು ಗಂಟೆಯ ಧ್ವನಿಮುದ್ರಣಕ್ಕೆ ಸುಮಾರು 635 ಮೆಗಾಬೈಟ್ ಬೇಕು. ಕಲಬುರಗಿಯಿಂದ ಹುಮನಾಬಾದ್ ಮಾರ್ಗದಲ್ಲಿರುವ ಕಮಲಾಪುರಕ್ಕೆ ಇಂಥ ಯಂತ್ರದೊಡನೆ ಹೋದವರು ಅಹೋರಾತ್ರಿ ಭಜನೆಯೊಂದನ್ನು ದಾಖಲಿಸಬೇಕಾದರೆ ಮೆಮೊರಿ ಕಾರ್ಡನ್ನು ಆಶ್ರಯಿಸಲೇಬೇಕು.

ವಿಂಡೋಸ್‌ನಲ್ಲಿ ಪ್ರತಿ ಸಂಗ್ರಹಕ್ಕೂ ಪ್ರತ್ಯೇಕ ಅಕ್ಷರವಿರುತ್ತದೆ. ಲಿನಕ್ಸ್‌ನಲ್ಲಿ ಇರುವುದು ಒಂದೇ ಬೇರಿನ ಕಡತವೃಕ್ಷ. ಕಾರ್ಡನ್ನು ಆ ವೃಕ್ಷದ ಒಂದು ಕೋಶಕ್ಕೆ ಜೋಡಿಸುವ ಕ್ರಿಯೆಯೇ ‘ಮೌಂಟ್’. ಹಸ್ತಪ್ರತಿ ಭಂಡಾರದ ನಿದರ್ಶನದಿಂದ ಹೇಳುವುದಾದರೆ, ಕೋಶವು ಕಪಾಟಿನ ಗೂಡು. ಕಾರ್ಡು ಅಲ್ಲಿಡುವ ಓಲೆಕಟ್ಟು. ಕಟ್ಟು ಇಲ್ಲದಿದ್ದರೂ ಗೂಡು ಇದ್ದೇ ಇರುತ್ತದೆ.

ಅಪಾಯವಿರುವುದು ಇಲ್ಲಿಯೇ. ಕಾರ್ಡು ಮೌಂಟ್ ಆಗದಿರುವಾಗ ಆ ಕೋಶದಲ್ಲಿ ಬರೆದ ಕಡತಗಳು ಒಳಸಂಗ್ರಹವನ್ನು ಸೇರಿ ಅದನ್ನು ತುಂಬಿಬಿಡುತ್ತವೆ. ಅನಂತರ ಕಾರ್ಡನ್ನು ಮೌಂಟ್ ಮಾಡಿದಾಗ ಅವು ಮರೆಯಾಗುತ್ತವೆ. ಕಳೆದುಹೋದವೆಂದು ಭಾವಿಸಿದ ಹಾಡುಗಳು ವಸ್ತುತಃ ಕಾರ್ಡಿನ ಮರೆಯಲ್ಲಿರುತ್ತವೆ. ಅನ್‌ಮೌಂಟ್ ಮಾಡಿದೊಡನೆ ಮರಳಿ ಗೋಚರಿಸುತ್ತವೆ. ಖಾಲಿ ಕೋಶದಲ್ಲಿ ಬರೆಯುವ ಅನುಮತಿಯನ್ನು ಸಾಮಾನ್ಯ ಬಳಕೆದಾರನಿಗೆ ಕೊಡದಿರುವುದು, ಮುದ್ರಣಕ್ಕೆ ಮುನ್ನ ‘ಫೈಂಡ್‌ಮೌಂಟ್’ ಆದೇಶದಿಂದ ಜೋಡಣೆಯನ್ನು ಖಚಿತಪಡಿಸಿಕೊಳ್ಳುವುದು ಇದಕ್ಕೆ ಪರಿಹಾರ.

ಶಾಶ್ವತ ಜೋಡಣೆಯನ್ನು ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿ ನಮೂದಿಸಬೇಕು. ಸಾಧನಗಳ ಹೆಸರುಗಳು ಜೋಡಿಸಿದ ಕ್ರಮಕ್ಕೆ ಅನುಗುಣವಾಗಿ ಬದಲಾಗಬಹುದಾದ್ದರಿಂದ ಅಲ್ಲಿ ಕಾರ್ಡಿನ ‘ಯುಯುಐಡಿ’ ಗುರುತನ್ನೇ ಬಳಸುವುದು ಯುಕ್ತ. ‘ನೋಫೇಲ್’ ಎಂಬ ಆಯ್ಕೆಯನ್ನು ಸೇರಿಸಿದರೆ ಕಾರ್ಡು ಇಲ್ಲದಿದ್ದಾಗಲೂ ಯಂತ್ರ ಆರಂಭವಾಗುತ್ತದೆ.

ಕಡತವ್ಯವಸ್ಥೆಯ ಆಯ್ಕೆಯೂ ವಿಚಾರಾರ್ಹ. ‘ಫ್ಯಾಟ್32’ರಲ್ಲಿ ಒಂದು ಕಡತ 4 ಗಿಗಾಬೈಟ್ ಮೀರುವಂತಿಲ್ಲ, ಆದಕಾರಣ ದೀರ್ಘ ಮುದ್ರಣವನ್ನು ಭಾಗಗಳಾಗಿ ವಿಂಗಡಿಸಬೇಕು. ‘ಯುಟಿಎಫ್-8’ ಆಯ್ಕೆಯಿಲ್ಲದೆ ಅದನ್ನು ಮೌಂಟ್ ಮಾಡಿದರೆ ಕನ್ನಡ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ತೋರಬಹುದು. ‘ಇಎಕ್ಸ್‌ಟಿ4’ರಲ್ಲಿ ಕಡತನಾಮದ ಮಿತಿ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ಹೆಸರು 85 ಸಂಕೇತಗಳಿಗೆ ಮುಗಿಯುತ್ತದೆ. ಒತ್ತಕ್ಷರ, ಸ್ವರಚಿಹ್ನೆಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಗಾಯಕ, ಊರು, ಸಂದರ್ಭಗಳ ವಿವರವನ್ನೆಲ್ಲ ಹೆಸರಿನಲ್ಲಿ ತುಂಬುವ ಬದಲು ಪ್ರತ್ಯೇಕ ಸೂಚಿಯಲ್ಲಿ ದಾಖಲಿಸುವುದು ಲೇಸು.

ಬರೆದ ದತ್ತಾಂಶವನ್ನು ಲಿನಕ್ಸ್ ಕೆಲಕಾಲ ಸ್ಮೃತಿಯಲ್ಲಿಯೇ ಇರಿಸಿಕೊಳ್ಳುವುದರಿಂದ ಅನ್‌ಮೌಂಟ್ ಮಾಡದೆ ಕಾರ್ಡನ್ನು ಕೀಳಬಾರದು. ಕಮಲಾಪುರದಿಂದ ಹೊರಡುವ ಮೊದಲೇ ಎರಡನೆಯ ಪ್ರತಿಯನ್ನು ಬೇರೊಂದು ಸಾಧನದಲ್ಲಿ ಮಾಡಿ, ಮೂಲದೊಡನೆ ಹೋಲಿಸಿ ನೋಡಬೇಕು. ಪಾಠಾಂತರಗಳನ್ನು ಹೋಲಿಸಿ ಬಲ್ಲ ವಿದ್ವಾಂಸರಿಗೆ ಈ ಶಿಸ್ತು ಹೊಸತೇನೂ ಅಲ್ಲ.