ನವೆಂಬರ್ 1: ಮನೆ ಅಲ್ಲೇ, ರಾಜ್ಯ ಬೇರೆ!

ಮಕ್ಕಳೇ, ಮೊದಲು ಒಂದು ಒಗಟು.

ಒಬ್ಬ ಅಜ್ಜಿ ಬೊಂಬಾಯಿ ರಾಜ್ಯದಲ್ಲಿ ಹುಟ್ಟಿದರು. ಮೈಸೂರು ರಾಜ್ಯದಲ್ಲಿ ಶಾಲೆಗೆ ಹೋದರು. ಕರ್ನಾಟಕ ರಾಜ್ಯದಲ್ಲಿ ಮೊಮ್ಮಕ್ಕಳನ್ನು ಎತ್ತಿ ಆಡಿಸಿದರು. ಆದರೆ ಅವರು ಒಮ್ಮೆಯೂ ಮನೆ ಬದಲಾಯಿಸಲಿಲ್ಲ, ಊರು ಬಿಡಲಿಲ್ಲ. ಇದು ಹೇಗೆ?

ಅಜ್ಜ, ಅಜ್ಜಿಯರೇ, ನಿಮಗೆ ಉತ್ತರ ಗೊತ್ತಿರುತ್ತದೆ. ಸ್ವಲ್ಪ ಹೊತ್ತು ಸುಮ್ಮನಿರಿ. ಮಕ್ಕಳು ಯೋಚನೆ ಮಾಡಲಿ.

ಗೊತ್ತಾಗಲಿಲ್ಲವೇ? ಸರಿ, ಯಶವಂತಪುರದಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತೋಣ ಬನ್ನಿ. ತುಮಕೂರು, ಅರಸೀಕೆರೆ, ದಾವಣಗೆರೆ ದಾಟಿದರೆ ಹರಿಹರ. ಅಲ್ಲಿ ತುಂಗಭದ್ರಾ ನದಿ. ಸೇತುವೆ ದಾಟಿ ಮುಂದೆ ಹೋದರೆ ರಾಣೆಬೆನ್ನೂರು. ನದಿಯ ಈಚೆಗೂ ಕನ್ನಡ, ಆಚೆಗೂ ಕನ್ನಡ. ಆದರೆ 1956ಕ್ಕೆ ಮೊದಲು ಈಚೆಯ ಹರಿಹರ ಮೈಸೂರು ರಾಜ್ಯದಲ್ಲಿತ್ತು, ಆಚೆಯ ರಾಣೆಬೆನ್ನೂರು ಬೊಂಬಾಯಿ ರಾಜ್ಯದಲ್ಲಿತ್ತು! ನಮ್ಮ ಒಗಟಿನ ಅಜ್ಜಿ 1950ರಲ್ಲಿ ರಾಣೆಬೆನ್ನೂರಿನಲ್ಲಿ ಹುಟ್ಟಿದವರು ಎಂದುಕೊಳ್ಳಿ. ಅವರು ಊರು ಬಿಟ್ಟು ಹೋಗಲಿಲ್ಲ. ರಾಜ್ಯಗಳೇ ಅವರ ಮನೆ ಬಾಗಿಲಿಗೆ ಬಂದು ಹೋದವು. ಎರಡು ಸಲವೂ ಅದು ನಡೆದದ್ದು ಒಂದೇ ತಾರೀಕಿನಂದು: ನವೆಂಬರ್ 1.

ಈ ತಾರೀಕಿನ ಹಾಳೆಯನ್ನು ವರ್ಷ ವರ್ಷವಾಗಿ ತಿರುವಿ ನೋಡೋಣ.

1858: ಕಂಪನಿ ಹೋಯಿತು, ರಾಣಿ ಬಂದಳು

1857ರಲ್ಲಿ ಉತ್ತರ ಭಾರತದಲ್ಲಿ ಸಿಪಾಯಿಗಳು ದಂಗೆ ಎದ್ದರು. ಅದರ ಮರುವರ್ಷ, ನವೆಂಬರ್ 1ರಂದು, ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿದ. ಇನ್ನು ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವಿಲ್ಲ, ಬ್ರಿಟಿಷ್ ರಾಣಿಯದೇ ಆಡಳಿತ ಎಂಬುದು ಅದರ ಸಾರ. ಆಗ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಇದ್ದರೂ ಅಧಿಕಾರ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಆ ಕಮಿಷನರ್ ಹೆಸರು ಮಾರ್ಕ್ ಕಬ್ಬನ್. ಭಾನುವಾರ ನೀವು ಆಡಲು ಹೋಗುವ ಕಬ್ಬನ್ ಪಾರ್ಕಿನ ಹೆಸರು ಬಂದದ್ದು ಅವನಿಂದಲೇ.

1956: ಹತ್ತಕ್ಕೆ ಒಂಬತ್ತು ಕೂಡಿದರೆ

ಸ್ವಾತಂತ್ರ್ಯ ಬಂದಾಗಲೂ ಕನ್ನಡ ಮಾತಾಡುವವರು ಒಂದೇ ಆಡಳಿತದಲ್ಲಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಬೊಂಬಾಯಿಗೆ ಸೇರಿದ್ದವು. ಬೀದರ, ಗುಲ್ಬರ್ಗ, ರಾಯಚೂರು ಹೈದರಾಬಾದಿಗೆ. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಮದ್ರಾಸಿಗೆ. ಕೊಡಗು ತಾನೇ ಒಂದು ಪುಟ್ಟ ರಾಜ್ಯ. ಉಳಿದದ್ದು ಹಳೆಯ ಮೈಸೂರು. ಬೊಂಬಾಯಿ, ಹೈದರಾಬಾದು, ಮದ್ರಾಸುಗಳಲ್ಲಿ ಕನ್ನಡಿಗರು ಅಂಚಿನಲ್ಲಿದ್ದರು. ರಾಜಧಾನಿ ದೂರ, ಕಚೇರಿಯ ಭಾಷೆ ಬೇರೆ.

ಇವರೆಲ್ಲ ಒಂದಾಗಬೇಕೆಂಬ ಆಸೆ ಹಳೆಯದು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆಲೂರು ವೆಂಕಟರಾಯರು 'ಕರ್ನಾಟಕ ಗತವೈಭವ' ಎಂಬ ಪುಸ್ತಕ ಬರೆದು, ನಮ್ಮ ಹಿರಿಯರು ಎಷ್ಟು ದೊಡ್ಡ ನಾಡನ್ನು ಆಳಿದ್ದರು ಎಂದು ಮರೆತವರಿಗೆ ನೆನಪಿಸಿದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ಕನ್ನಡ ನಾಡಿನ ಹಾಡು ಮೊಳಗಿತು. 1953ರಲ್ಲಿ ಅದರಗುಂಚಿ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಕೂತರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು.

ಹಾಗಾದರೆ ಎಲ್ಲರಿಗೂ ಇದು ಇಷ್ಟವಿತ್ತೇ? ಇಲ್ಲ. ನಿಜ ಹೇಳಬೇಕೆಂದರೆ, ನಮ್ಮ ಹಳೆಯ ಮೈಸೂರಿನ ಕಡೆಯೇ ಹಲವರಿಗೆ ಅಂಜಿಕೆ ಇತ್ತು. 'ನಮ್ಮಲ್ಲಿ ಕರೆಂಟಿದೆ, ಕಾರ್ಖಾನೆ ಇದೆ, ಶಾಲೆಗಳಿವೆ. ಎಲ್ಲರೂ ಸೇರಿದರೆ ನಮ್ಮ ಪಾಲು ಕಡಿಮೆಯಾಗುತ್ತದೆ' ಎಂಬ ಅಂಜಿಕೆ ಅದು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಮಾತ್ರ ಏಕೀಕರಣದ ಪರ ನಿಂತರು. ಅವರು ಕಟ್ಟಿಸಿದ ವಿಧಾನಸೌಧ ಪೂರ್ತಿಯಾದದ್ದೂ 1956ರಲ್ಲೇ. ಮನೆ ಕಟ್ಟಿ ಮುಗಿಯುವ ಹೊತ್ತಿಗೆ ನೆಂಟರೂ ಬಂದ ಹಾಗಾಯಿತು!

ಈಗ ಒಂದು ಲೆಕ್ಕ. ಬಳ್ಳಾರಿ ಸೇರಿದ ಮೇಲೆ ಮೈಸೂರಿನಲ್ಲಿದ್ದದ್ದು 10 ಜಿಲ್ಲೆ. ಬೊಂಬಾಯಿಯಿಂದ 4, ಹೈದರಾಬಾದಿನಿಂದ 3, ಮದ್ರಾಸಿನಿಂದ ದಕ್ಷಿಣ ಕನ್ನಡ 1, ಜೊತೆಗೆ ಕೊಡಗು 1. ಕೂಡಿಸಿ ನೋಡಿ. ಹೌದು, 19! (ಕೊಳ್ಳೇಗಾಲ ತಾಲ್ಲೂಕು ಮೈಸೂರು ಜಿಲ್ಲೆಗೇ ಸೇರಿಕೊಂಡಿತು.) ಈಗ ನಮ್ಮಲ್ಲಿ 31 ಜಿಲ್ಲೆಗಳಿವೆ.

1956ರ ನವೆಂಬರ್ 1ರಂದು ಬೆಂಗಳೂರಿನಲ್ಲಿ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಹೊಸ ರಾಜ್ಯವನ್ನು ಉದ್ಘಾಟಿಸಿದರು. ಜಯಚಾಮರಾಜ ಒಡೆಯರ್ ರಾಜ್ಯಪಾಲರಾದರು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ನಮ್ಮ ಒಗಟಿನ ಅಜ್ಜಿ ಆಗ ಆರು ವರ್ಷದ ಹುಡುಗಿ. ಅಕ್ಟೋಬರ್ 31ರ ರಾತ್ರಿ ಬೊಂಬಾಯಿ ರಾಜ್ಯದಲ್ಲಿ ಮಲಗಿ, ಬೆಳಗ್ಗೆ ಮೈಸೂರು ರಾಜ್ಯದಲ್ಲಿ ಎದ್ದಳು!

ಅದೇ ದಿನ, ಕಾಸರಗೋಡಿನಲ್ಲಿ

ಆ ದಿನ ಎಲ್ಲ ಕನ್ನಡಿಗರ ಮನೆಯಲ್ಲೂ ಹೋಳಿಗೆ ಬೇಯಲಿಲ್ಲ. ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಕೇರಳ ರಾಜ್ಯ ಹುಟ್ಟಿದ್ದೂ ಅದೇ ನವೆಂಬರ್ 1ರಂದು. ಮಂಜೇಶ್ವರದಲ್ಲಿದ್ದ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಕದಲಲಿಲ್ಲ, ಆದರೆ ಅವರ ಊರು ಗಡಿಯ ಆಚೆಗಾಯಿತು.

ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಜೀವನವಿಡೀ ಹೋರಾಡಿದರು. ಮಹಾಜನ ಆಯೋಗವು 1967ರ ವರದಿಯಲ್ಲಿ, ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕು ಎಂದು ಹೇಳಿತು. ಅದು ಜಾರಿಗೆ ಬರಲಿಲ್ಲ. ರೈಗಳು 2015ರಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಅವರ ಆಸೆ ಮಾತ್ರ ಈಡೇರಲಿಲ್ಲ. ಕಾಸರಗೋಡಿನಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ, ಅಲ್ಲಿ ನಿಮ್ಮ ವಯಸ್ಸಿನ ಮಕ್ಕಳು ಕನ್ನಡದಲ್ಲೇ ಪಾಠ ಓದುತ್ತಾರೆ. ರಾಜ್ಯೋತ್ಸವದ ಸಿಹಿ ತಿನ್ನುವಾಗ ಅವರನ್ನೂ ಒಮ್ಮೆ ನೆನೆಯಿರಿ.

1973: ಹೆಸರಿಡುವ ಹಬ್ಬ

ಮನೆಯಲ್ಲಿ ಮಗು ಹುಟ್ಟಿದರೆ ಎಷ್ಟು ದಿನಕ್ಕೆ ನಾಮಕರಣ ಮಾಡುತ್ತಾರೆ? ಹನ್ನೊಂದೋ ಹನ್ನೆರಡೋ ದಿನಕ್ಕೆ. ನಮ್ಮ ರಾಜ್ಯದ ನಾಮಕರಣಕ್ಕೆ ಬೇಕಾದದ್ದು 17 ವರ್ಷ! ಮೈಸೂರು ಎಂಬುದು ಹಳೆಯ ಸಂಸ್ಥಾನದ ಹೆಸರು. ಧಾರವಾಡದವರಿಗೂ ಬೀದರದವರಿಗೂ ಮಂಗಳೂರಿನವರಿಗೂ ಅದು ತಮ್ಮದೆನಿಸುತ್ತಿರಲಿಲ್ಲ. ಕೊನೆಗೆ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ನಮ್ಮ ಒಗಟಿನ ಅಜ್ಜಿಗೆ ಆಗ ಇಪ್ಪತ್ತಮೂರು ವರ್ಷ. ಮೂರನೆಯ ರಾಜ್ಯವೂ ಮನೆ ಬಾಗಿಲಿಗೆ ಬಂದಿತ್ತು!

2014: ಬ್ಯಾಂಗಲೂರಿಗೆ ವಿದಾಯ

ಕನ್ನಡದಲ್ಲಿ ನಾವು ಯಾವಾಗಲೂ ಬೆಂಗಳೂರು ಎಂದೇ ಹೇಳುತ್ತಿದ್ದೆವು. ಇಂಗ್ಲಿಷಿನಲ್ಲಿ ಮಾತ್ರ ಬ್ರಿಟಿಷರು ಬಾಯಿಗೆ ಬಂದಂತೆ ಬರೆದ ಬ್ಯಾಂಗಲೂರ್ ಉಳಿದಿತ್ತು. ಅದನ್ನು ಸರಿಪಡಿಸಬೇಕೆಂದು ಸಲಹೆ ಕೊಟ್ಟವರು ಸಾಹಿತಿ ಯು.ಆರ್. ಅನಂತಮೂರ್ತಿ. 2005ರಲ್ಲಿ ಸರ್ಕಾರ ಒಪ್ಪಿತು. ಆದರೆ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ ಅನಂತಮೂರ್ತಿಯವರು ತೀರಿಕೊಂಡಿದ್ದರು. ಅಂದು ಬೆಳಗಾವಿ, ಕಲಬುರಗಿ, ವಿಜಯಪುರ, ಹುಬ್ಬಳ್ಳಿ, ಮೈಸೂರು, ಮಂಗಳೂರು ಸೇರಿ ಒಟ್ಟು 12 ಊರುಗಳಿಗೆ ಕನ್ನಡದ ಉಚ್ಚಾರವೇ ಅಧಿಕೃತವಾಯಿತು.

ಊರಿನ ಹೆಸರು ಎಂದಾಗ ಹೆಬ್ಬಾಳವನ್ನು ಮರೆಯಬಾರದು. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲೊಂದು ಅಲ್ಲಿ ಸಿಕ್ಕಿದೆ. ಊರಿನ ಮೇಲೆ ದಾಳಿ ಬಂದಾಗ ಹೋರಾಡಿ ಮಡಿದ ಕಿತ್ತಯ್ಯ ಎಂಬ ವೀರನ ಕಥೆ ಅದರಲ್ಲಿದೆ, ಅದೂ ಕನ್ನಡದಲ್ಲೇ. ಫ್ಲೈಓವರ್ ಮೇಲೆ ಬಸ್ಸು ನಿಂತು ಬೇಸರವಾದಾಗ ನೆನಪಿಸಿಕೊಳ್ಳಿ: ಈ ನೆಲದಲ್ಲಿ ಕನ್ನಡ ಬರೆಯಲು ಶುರು ಮಾಡಿ ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚಾಗಿದೆ.

ಪಕ್ಕದ ಮನೆಗೂ ಹಬ್ಬ

ನವೆಂಬರ್ 1 ನಮ್ಮೊಬ್ಬರದೇ ಹಬ್ಬವಲ್ಲ. 1956ರಲ್ಲಿ ಕೇರಳದ ಜೊತೆ ಮಧ್ಯಪ್ರದೇಶ ಮತ್ತು ಆಂಧ್ರಪ್ರದೇಶ ಈ ದಿನವೇ ರೂಪುಗೊಂಡವು. 1966ರಲ್ಲಿ ಪಂಜಾಬು ಭಾಗವಾಗಿ ಹರಿಯಾಣ ಹುಟ್ಟಿತು. 2000ದಲ್ಲಿ ಛತ್ತೀಸ್‌ಗಢ ಹುಟ್ಟಿತು. ಯಲಹಂಕದಲ್ಲೋ ಆರ್.ಟಿ. ನಗರದಲ್ಲೋ ನಿಮ್ಮ ಪಕ್ಕದ ಮನೆಯವರು ಆ ಕಡೆಯವರಾಗಿರಬಹುದು. ಕೆಂಪು ಹಳದಿ ಬಾವುಟ ಹಾರಿಸಿದ ಮೇಲೆ ಸಿಹಿ ಹಿಡಿದು ಅವರ ಬಾಗಿಲು ತಟ್ಟಿ. 'ನಿಮ್ಮ ರಾಜ್ಯಕ್ಕೂ ಹುಟ್ಟುಹಬ್ಬದ ಶುಭಾಶಯ' ಎಂದು ಕನ್ನಡದಲ್ಲೇ ಹೇಳಿ. ಅವರಿಗೂ ನಾಲ್ಕು ಕನ್ನಡ ಮಾತು ಕಲಿಯುವ ಆಸೆ ಬರಲಿ.

ಕೊನೆಗೆ ಒಂದು ಕೆಲಸ. ಒಂದು ಹಾಳೆ, ಪೆನ್ನು ಹಿಡಿದು ಅಜ್ಜ, ಅಜ್ಜಿಯ ಪಕ್ಕ ಕೂತುಕೊಳ್ಳಿ. ಮೂರು ಪ್ರಶ್ನೆ ಕೇಳಿ: ನೀವು ಹುಟ್ಟಿದಾಗ ನಿಮ್ಮ ಊರು ಯಾವ ರಾಜ್ಯದಲ್ಲಿತ್ತು? ಶಾಲೆಯಲ್ಲಿ ಯಾವ ಭಾಷೆಯಲ್ಲಿ ಪಾಠ ಹೇಳುತ್ತಿದ್ದರು? ಕರ್ನಾಟಕ ಎಂದು ಹೆಸರಾದ ದಿನ ನೀವು ಎಲ್ಲಿದ್ದಿರಿ, ಏನು ನೆನಪಿದೆ?

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಟ್ಟುಕೊಳ್ಳಿ. ಆ ದಿನಗಳನ್ನು ಕಣ್ಣಾರೆ ಕಂಡವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅದಕ್ಕೇ ಹೇಳುವುದು, ಈ ಭಾನುವಾರವೇ ಕೇಳಿ.