ಒಬ್ಬರು ಓಡಿಸಿದ ವಿದ್ಯುತ್ ಕಾರು

ಹಸುವನ್ನು ಕೊಳ್ಳುವಾಗ ನಮ್ಮ ಹಿರಿಯರು ಅದರ ಹಲ್ಲನ್ನೆಣಿಸಿ, ಸುಳಿಯನ್ನು ನೋಡಿ, ಎರಡು ಹೊತ್ತು ಎದುರಿಗೇ ಹಾಲು ಕರೆಯಿಸಿ, ಆಮೇಲೆ ಹಣದ ಗಂಟನ್ನು ಬಿಚ್ಚುತ್ತಿದ್ದರು. ಹಳೆಯ ಪೆಟ್ರೋಲು ಕಾರನ್ನು ಕೊಳ್ಳುವವನಿಗೂ ಇಂಥವೇ ಕೆಲವು ಗುರುತುಗಳುಂಟು: ಯಂತ್ರದ ಸದ್ದು, ಎಣ್ಣೆಯ ಬಣ್ಣ, ಹಿಂದಿನಿಂದ ಹೊರಡುವ ಹೊಗೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲನೆಯ ಪಾಠವಷ್ಟೆ. ಆದರೆ ವಿದ್ಯುತ್ತಿನಿಂದ ನಡೆಯುವ ಕಾರಿನಲ್ಲಿ ಹೊಗೆಯೂ ಇಲ್ಲ, ಹೇಳಿಕೊಳ್ಳುವಂಥ ಸದ್ದೂ ಇಲ್ಲ. ಅದರಲ್ಲಿ ಕ್ಷಯಿಸತಕ್ಕ ಮುಖ್ಯ ವಸ್ತುವಾದ ಬ್ಯಾಟರಿಯು ಕಾಲಡಿಯಲ್ಲಿ ಲೋಹದ ಪೆಟ್ಟಿಗೆಯೊಳಗೆ ಅಡಗಿರುತ್ತದೆ. ಹೇತುವೇ ಕಾಣದಿರುವಲ್ಲಿ ಅನುಮಾನಕ್ಕೆ ಎಡೆಯೆಲ್ಲಿ? ಮೂವತ್ತುನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಇಂಥ ಗಾಡಿಯೊಂದನ್ನು ಕೊಳ್ಳಬೇಕಾಗಿ ಬಂದು, ಆ ಸಂದರ್ಭದಲ್ಲಿ ಕಲಿತುದನ್ನು ವಾಚಕರ ಮುಂದಿಡುತ್ತೇನೆ.

ನಾವಿರುವುದು ಕೃಷ್ಣರಾಜನಗರದಲ್ಲಿ. ನನ್ನ ಮನೆಯಾಕೆಗೆ ಎರಡು ವರ್ಷಗಳಿಂದ ಮೂತ್ರಪಿಂಡದ ವ್ಯಾಧಿ. ವಾರಕ್ಕೆ ಎರಡು ಸಾರಿ ಮೈಸೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಹೋಗಿಬರುವ ದಾರಿ ಸುಮಾರು 80 ಕಿಲೋಮೀಟರು. ಚಿಕಿತ್ಸೆಯಾದ ಮೇಲೆ ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಬರುವ ತ್ರಾಣ ಆಕೆಗಿರುವುದಿಲ್ಲ. ಬಾಡಿಗೆ ಕಾರಿನ ವೆಚ್ಚವನ್ನು ನನ್ನ ಪಿಂಚಣಿ ತಡೆಯಲಾರದು. ಉಳಿದಿದ್ದುದು ನಿವೃತ್ತಿಯಾದಾಗ ಬಂದ ಗ್ರಾಚ್ಯುಯಿಟಿಯ ಹಣವೊಂದೇ. ಅದನ್ನು ಕೊಟ್ಟು ಕೆಟ್ಟ ಗಾಡಿಯನ್ನು ತಂದುಕೊಂಡರೆ ಇನ್ನೊಂದನ್ನು ಕೊಳ್ಳುವ ಪ್ರಸಕ್ತಿಯೇ ಇರಲಿಲ್ಲ.

ಈ ವಾಹನವು ನಮ್ಮ ನಾಡಿಗೆ ಹೊಸತೇನೂ ಅಲ್ಲ. ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬೆಂಗಳೂರಿನಲ್ಲಿಯೇ ಸಿದ್ಧವಾಗಿ 2001ರಲ್ಲಿ ಮಾರಾಟಕ್ಕೆ ಬಂದಿತು. ಅದರಲ್ಲಿದ್ದುದು ಸೀಸದ ಬ್ಯಾಟರಿ. ಈಗಿನವು ಲಿಥಿಯಂ ಬ್ಯಾಟರಿಗಳು. ಇವುಗಳ ಆಯುಸ್ಸು ಬಹಳ ಹೆಚ್ಚು. ಹೆಚ್ಚೆಂದ ಮಾತ್ರಕ್ಕೆ ಅಕ್ಷಯವೆಂದು ತಿಳಿಯಬಾರದು. ಬ್ಯಾಟರಿಗೆ ಕ್ಷಯವು ಎರಡು ಬಗೆಯಿಂದ ಉಂಟಾಗುತ್ತದೆ. ಓಡಿಸುವುದರಿಂದ ಆಗುವುದು ಒಂದು. ಓಡಿಸದೆ ಸುಮ್ಮನೆ ನಿಂತಿದ್ದರೂ ಕಾಲವಶದಿಂದ ಆಗುವುದು ಇನ್ನೊಂದು. ಬಿಸಿಲಿನ ತಾಪ, ಪದೇ ಪದೇ ಶೀಘ್ರ ಚಾರ್ಜು ಮಾಡುವುದು, ತುಂಬ ದಿನ ಪೂರ್ತಿ ತುಂಬಿಸಿಟ್ಟೋ ಪೂರ್ತಿ ಬರಿದುಮಾಡಿಯೋ ನಿಲ್ಲಿಸಿಬಿಡುವುದು, ಇವು ಆ ಕ್ಷಯವನ್ನು ಬೇಗನೆ ತರುತ್ತವೆ. ಆದುದರಿಂದ ಎಷ್ಟು ಕಿಲೋಮೀಟರು ಓಡಿದೆಯೆಂಬ ಒಂದೇ ಅಂಕಿಯನ್ನು ನಂಬಿ ಕೊಳ್ಳುವುದು, ಪುಸ್ತಕದ ರಟ್ಟನ್ನು ನೋಡಿ ಅಂಕ ಕೊಟ್ಟಂತೆ.

ನಾನು ಮೊದಲು ಆ ತಪ್ಪನ್ನೇ ಮಾಡುವುದರಲ್ಲಿದ್ದೆನು. ಮೈಸೂರಿನ ಒಂದು ಷೋರೂಮಿನಲ್ಲಿ ಡೆಮೊ ಗಾಡಿಯೊಂದು ಮಾರಾಟಕ್ಕಿದೆಯೆಂದು ತಿಳಿಯಿತು. ಡೆಮೊ ಗಾಡಿಯೆಂದರೆ, ಕೊಳ್ಳಲು ಬಂದವರಿಗೆಲ್ಲ ಒಂದು ಸುತ್ತು ಓಡಿಸಿ ತೋರಿಸುವುದಕ್ಕಾಗಿ ಇಟ್ಟುಕೊಂಡಿರತಕ್ಕದ್ದು. ಓಡಿದ್ದುದು ಆರು ಸಾವಿರ ಕಿಲೋಮೀಟರು ಮಾತ್ರ, ಬಣ್ಣ ಕನ್ನಡಿಯಂತಿತ್ತು, ಬೆಲೆ ಹೊಸದಕ್ಕಿಂತ ಒಂದೂವರೆ ಲಕ್ಷ ಕಡಿಮೆ. ಅಲ್ಲಿಯ ತರುಣನು ಬಹು ವಿನಯದಿಂದ, “ಸಾರ್, ಇದು ಹೊಸ ಗಾಡಿಯೇ. ವಾರಂಟಿ ನೀವು ತೆಗೆದುಕೊಂಡ ದಿವಸದಿಂದಲೇ ಶುರು” ಎಂದನು. ಮುಂಗಡ ಕೊಡಲು ಚೆಕ್ಕುಪುಸ್ತಕವನ್ನು ತೆಗೆದಿದ್ದೆನು. ಹಳೆಯ ಅಭ್ಯಾಸವೊಂದು ಕಾಪಾಡಿತು: ಮೂಲವನ್ನು ನೋಡದೆ ಟೀಕೆಯನ್ನು ನಂಬುವುದು ನನಗಾಗದು. ಆರ್.ಸಿ. ಎಂದು ಕರೆಯುವ ನೋಂದಣಿಪತ್ರವನ್ನು ತರಿಸಿ ನೋಡಿದೆನು. ಗಾಡಿಯು ಹದಿನೈದು ತಿಂಗಳ ಹಿಂದೆಯೇ ಆ ವರ್ತಕರ ಹೆಸರಿನಲ್ಲಿ ನೋಂದಣಿಯಾಗಿತ್ತು. ಅಂದರೆ ಕಾಗದದ ಮೇಲೆ ಅವರು ಮೊದಲನೆಯ ಒಡೆಯರು, ನಾನು ಎರಡನೆಯವನು. ತರುಣನು ಬಾಯಲ್ಲಿ ಹೇಳಿದುದನ್ನು ಕಾಗದದಲ್ಲಿ ಬರೆದುಕೊಡಿರೆಂದೆನು. ಮ್ಯಾನೇಜರನ್ನು ಕೇಳಿ ಬರುತ್ತೇನೆಂದು ಒಳಕ್ಕೆ ಹೋದವನು ಅರ್ಧ ಗಂಟೆಯಾದರೂ ಹೊರಕ್ಕೆ ಬರಲಿಲ್ಲ. ನಾನು ಎದ್ದು ಬಂದೆನು.

ಈ ಒಡೆತನದ ಕ್ರಮಸಂಖ್ಯೆಯು ಸಣ್ಣ ಮಾತಲ್ಲ. ಮಹೀಂದ್ರದವರು 2024ರ ನವೆಂಬರಿನಲ್ಲಿ ಬಿಇ 6 ಮತ್ತು ಎಕ್ಸ್‌ಇವಿ 9ಇ ಎಂಬ ಕಾರುಗಳನ್ನು ಹೊರತಂದಾಗ, ಬ್ಯಾಟರಿಗೆ ಜೀವಾವಧಿ ವಾರಂಟಿಯನ್ನು ಘೋಷಿಸಿದ್ದು ಮೊದಲನೆಯ ನೋಂದಾಯಿತ ಒಡೆಯನಿಗೆ ಮಾತ್ರ. ಕೈಬದಲಾದರೆ ಅದು 10 ವರ್ಷ ಅಥವಾ 2 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಇನ್ನೊಂದು ವಿಚಿತ್ರವೂ ಉಂಟು. ಎಂಜಿ ಕಂಪೆನಿಯವರು 2024ರ ಸೆಪ್ಟೆಂಬರಿನಲ್ಲಿ ವಿಂಡ್ಸರ್ ಎಂಬ ಕಾರನ್ನು ತಂದಾಗ, ಗಾಡಿಗೆ ಮಾತ್ರ ಬೆಲೆ ಕೊಟ್ಟು, ಬ್ಯಾಟರಿಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿಯಂತೆ ಬಾಡಿಗೆ ಕಟ್ಟುವ ಏರ್ಪಾಡನ್ನೂ ಮಾಡಿದರು. ದೇಹ ಒಬ್ಬರದು, ಪ್ರಾಣ ಇನ್ನೊಬ್ಬರದು! ಇಂಥ ಗಾಡಿಯನ್ನು ಹಳೆಯದಾಗಿ ಕೊಳ್ಳುವವನು ಪ್ರಾಣವೂ ತನಗೆ ಸೇರುವುದೋ ಇಲ್ಲವೋ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಡೆಮೊ ಗಾಡಿಗಳೆಲ್ಲ ಕೆಟ್ಟವೆಂದು ನಾನು ಹೇಳುವುದಿಲ್ಲ. ಹದಿನೈದು ತಿಂಗಳ ಹಳೆಯದನ್ನು ಹದಿನೈದು ತಿಂಗಳ ಹಳೆಯದೆಂದೇ ಹೇಳಿ, ತಕ್ಕಷ್ಟು ಬೆಲೆಯಿಳಿಸಿ, ವಾರಂಟಿಯ ತಾರೀಖನ್ನು ಬರೆದುಕೊಟ್ಟರೆ ಅದು ಒಳ್ಳೆಯ ವ್ಯಾಪಾರವೇ ಸರಿ.

ಕಡೆಗೆ ನಮಗೆ ದೊರಕಿದುದು ಮೈಸೂರಿನ ಗೃಹಸ್ಥರೊಬ್ಬರು ನಾಲ್ಕು ವರ್ಷ ಬಳಸಿದ್ದ ಟಾಟಾ ನೆಕ್ಸಾನ್. 2021ರ ಜುಲೈ ತಿಂಗಳ ನೋಂದಣಿ. ಓಡಿದ್ದುದು 46 ಸಾವಿರ ಕಿಲೋಮೀಟರು. ಬೆಲೆ ಏಳೂವರೆ ಲಕ್ಷ. ಈ ಮಾದರಿಯ ಬ್ಯಾಟರಿಯ ಶಕ್ತಿ 30.2 ಯೂನಿಟ್ಟು. ಬ್ಯಾಟರಿ ಮತ್ತು ಮೋಟಾರಿಗೆ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರು, ಯಾವುದು ಮೊದಲೋ ಅದು. ಹೊಸದರಲ್ಲಿ ಒಂದು ತುಂಬಿಗೆ 312 ಕಿಲೋಮೀಟರು ಎಂದು ಪ್ರಮಾಣಪತ್ರವಿತ್ತಾದರೂ, ಅದು ಪರೀಕ್ಷಾಶಾಲೆಯ ಲೆಕ್ಕ. ನಮ್ಮ ರಸ್ತೆಗಳ ಲೆಕ್ಕ ಅದಕ್ಕಿಂತ ಬಹಳ ಕೆಳಗೆ.

ಇಂಥ ಗಾಡಿಗಳ ದುರಸ್ತಿಯಲ್ಲಿ ಪಳಗಿದ ಹಳೆಯ ಶಿಷ್ಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋದೆನು. ಅವನು ಹೆಬ್ಬೆರಳ ಗಾತ್ರದ ಉಪಕರಣವೊಂದನ್ನು ಸ್ಟಿಯರಿಂಗಿನ ಕೆಳಗಣ ಕಿಂಡಿಗೆ ಸಿಕ್ಕಿಸಿ ತನ್ನ ಫೋನಿನಲ್ಲಿ ನೋಡಿದನು. ಬ್ಯಾಟರಿಯ ಆರೋಗ್ಯ ನೂರಕ್ಕೆ 92 ಎಂದು ಬಂದಿತು. ನಾನು ಹಿಗ್ಗಿದುದನ್ನು ಕಂಡು, “ಮೇಷ್ಟ್ರೇ, ಇದು ಫೋನು ಹೇಳೋ ಮಾತು. ರಸ್ತೆ ಏನು ಹೇಳುತ್ತೆ ಅಂತ ಅದನ್ನೂ ಕೇಳೋಣ” ಎಂದನು. ಬಳಿಕ ನೆಲದ ಮೇಲೆ ಮಲಗಿ, ಬ್ಯಾಟರಿಯ ಪೆಟ್ಟಿಗೆಗೆ ಕಲ್ಲಿನ ಏಟು ತಗುಲಿದೆಯೋ, ನೀರಿನಲ್ಲಿ ನಿಂತ ತುಕ್ಕಿನ ಗುರುತಿದೆಯೋ ಎಂದು ದೀಪ ಹಿಡಿದು ನೋಡಿದನು. ಇಂಥ ಕಾರುಗಳು ಭಾರವಾದುದರಿಂದ ಟೈರುಗಳು ಬೇಗ ಸವೆಯುತ್ತವೆಂದು ಅವನೇ ಹೇಳಿದನು. ನಾಲ್ಕರಲ್ಲಿ ಎರಡು ಸವೆದಿದ್ದವು. ಅದಕ್ಕಾಗಿ ಹದಿನೈದು ಸಾವಿರ ಇಳಿಸಿಕೊಂಡೆವು.

ಮಾರನೆಯ ದಿನ ಒಡೆಯರು ಗಾಡಿಯನ್ನು ಪೂರ್ತಿ ತುಂಬಿಸಿಟ್ಟಿದ್ದರು. ಅವರು, ನಾನು, ಮನೆಯಾಕೆ, ಶಿಷ್ಯ, ಹೀಗೆ ನಾಲ್ಕು ಜನ ಕುಳಿತು, ತಂಪುಯಂತ್ರವನ್ನು ಹಾಕಿಕೊಂಡು, ನಿತ್ಯವೂ ಓಡಿಸಬೇಕಾದ ದಾರಿಯಲ್ಲಿಯೇ ಕೃಷ್ಣರಾಜನಗರಕ್ಕೆ ಬಂದು ಮರಳಿ ಮೈಸೂರಿಗೆ ಹೋದೆವು. ನೂರಿದ್ದ ಅಂಕಿ 57ಕ್ಕೆ ಇಳಿದಿತ್ತು. ಎಂದರೆ ಒಂದು ತುಂಬಿಗೆ ಹತ್ತಿರಹತ್ತಿರ 185 ಕಿಲೋಮೀಟರು. ಬೆಂಗಳೂರಿಗೆ ದಿನವೂ ಹೋಗಿಬರುವವನಿಗೆ ಇದು ಸಾಲದು. ನಮಗೆ ಬೇಕಾದುದು 80. ಇನ್ನೈದು ವರ್ಷದಲ್ಲಿ ಇನ್ನಷ್ಟು ಕುಗ್ಗಿದರೂ ನಮ್ಮ ಕೆಲಸ ನಿಲ್ಲುವುದಿಲ್ಲ. ಆ ಲೆಕ್ಕವೇ ನನ್ನ ಮನಸ್ಸನ್ನು ಗಟ್ಟಿಮಾಡಿತು.

ಕಾಗದಪತ್ರಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಒಡೆತನದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ಬ್ಯಾಂಕಿನ ಸಾಲವಿದ್ದುದಾದರೆ ಅದು ತೀರಿದುದಕ್ಕೆ ಪತ್ರ ಬೇಕು. ವಿಮೆಯನ್ನೂ ಮರೆಯದೆ ಹೆಸರಿಗೆ ಮಾಡಿಸಿಕೊಳ್ಳಬೇಕು. ಗೃಹಸ್ಥರಿಂದ ಗೃಹಸ್ಥರು ಕೊಂಡರೆ ಜಿ.ಎಸ್.ಟಿ. ಇಲ್ಲ. ವರ್ತಕರಿಂದ ಕೊಂಡರೆ, 2024ರ ಡಿಸೆಂಬರಿನಲ್ಲಿ ಆದ ತೀರ್ಮಾನದಂತೆ, ಅವರ ಲಾಭಾಂಶದ ಮೇಲೆ ಮಾತ್ರ ನೂರಕ್ಕೆ 18; ಪೂರ್ಣ ಬೆಲೆಯ ಮೇಲೆ ಯಾರಾದರೂ ಲೆಕ್ಕ ಹಾಕಿದರೆ ಒಪ್ಪಬೇಡಿ. ನನಗೆ ತೋಚದಿದ್ದ ಒಂದು ಸಂಗತಿಯನ್ನು ಶಿಷ್ಯನು ನೆನಪಿಸಿದನು. ಈ ಗಾಡಿಯು ಹಿಂದಿನ ಒಡೆಯರ ಫೋನಿಗೆ ಜೋಡಿಸಲ್ಪಟ್ಟಿತ್ತು. ಅದನ್ನು ಬಿಡಿಸದಿದ್ದರೆ ನಾವು ಎಲ್ಲಿಗೆ ಹೋದೆವೆಂಬುದು ಅವರಿಗೆ ಕಾಣುತ್ತಲೇ ಇರುತ್ತಿತ್ತು.

ಒಂದು ಖರ್ಚನ್ನು ನಾನು ಮುಂದಾಗಿ ಎಣಿಸಿರಲಿಲ್ಲ. ಗೃಹಜ್ಯೋತಿ ಯೋಜನೆಯು 2023ರಲ್ಲಿ ಬಂದಂದಿನಿಂದ ನಮ್ಮ ಮನೆಯ ವಿದ್ಯುತ್ ಬಿಲ್ಲು ಸೊನ್ನೆಯಾಗಿತ್ತು. ಗಾಡಿ ಬಂದ ತಿಂಗಳು ಬಳಕೆ 200 ಯೂನಿಟ್ಟನ್ನು ದಾಟಿ, ಪೂರಾ ಬಿಲ್ಲು ಬಾಗಿಲಿಗೆ ಬಂದಿತು. ಮನೆಯಾಕೆ ಅದನ್ನು ಕೈಯಲ್ಲಿ ಹಿಡಿದು, “ಇದೇನೂಂದ್ರೆ, ಫ್ರೀ ಇದ್ದದ್ದನ್ನು ಕಳೆದುಕೊಂಡಿರಲ್ಲ!” ಎಂದಳು. ಕುಳಿತು ಲೆಕ್ಕ ಹಾಕಿದೆವು. ಒಂದು ಸಾರಿ ಮೈಸೂರಿಗೆ ಹೋಗಿಬರಲು ಗೋಡೆಯಿಂದ ಎಳೆಯುವುದು ಹದಿನಾಲ್ಕು ಯೂನಿಟ್ಟು, ನೂರು ರೂಪಾಯಿಯ ಒಳಗೆ. ಮನೆಯ ದೀಪ, ಫ್ರಿಜ್ಜು, ಮಿಕ್ಸಿಗಳ ಬಿಲ್ಲನ್ನೂ ಗಾಡಿಯ ತಲೆಗೇ ಕಟ್ಟಿದರೂ, ಪೆಟ್ರೋಲಿಗೆ ಆಗುತ್ತಿದ್ದುದರ ಅರ್ಧವೂ ಆಗಲಿಲ್ಲ. ಆಕೆ ಬಿಲ್ಲನ್ನು ಮಡಿಸಿ ದೇವರ ಗೂಡಿನ ಪಕ್ಕದ ತಂತಿಗೆ ಚುಚ್ಚಿದಳು.

ಕಳೆದ ಗುರುವಾರ ಆಸ್ಪತ್ರೆಯಿಂದ ಹೊರಡುವಾಗ ಸಂಜೆಯಾಗಿತ್ತು. ಹಿಂದಿನ ಸೀಟಿನಲ್ಲಿ ದಿಂಬಿಟ್ಟುಕೊಂಡು ಮಲಗಿದ ಆಕೆಗೆ ಇಲವಾಲ ದಾಟುವುದರೊಳಗೆ ನಿದ್ರೆ ಬಂದಿತು. ಮನೆಯ ಮುಂದೆ ನಿಲ್ಲಿಸಿದಾಗ ಗಾಡಿಗೆ ಸದ್ದಿಲ್ಲದುದರಿಂದ ಎಚ್ಚರವೇ ಆಗಲಿಲ್ಲ. ಅಂಕಿ 58 ತೋರಿಸುತ್ತಿತ್ತು. ನಾನು ಹತ್ತು ನಿಮಿಷ ಹಾಗೆಯೇ ಕುಳಿತಿದ್ದು, ಆಮೇಲೆ ಆಕೆಯನ್ನು ಎಬ್ಬಿಸಿದೆನು.