ಒಂದು ಹಗಲಿಗೆ ಎಷ್ಟು ದ್ವೀಪ?

ಥಾಯ್ಲೆಂಡಿನ ಫುಕೆಟ್ಟಿನಲ್ಲೋ ಕ್ರಾಬಿಯ ಆವೊ ನಾಂಗ್ ಕಡಲತೀರದಲ್ಲೋ ಪ್ರವಾಸದ ಟಿಕೆಟ್ ಮಾರುವ ಅಂಗಡಿಗಳ ಸಾಲಿನಲ್ಲಿ ಕಣ್ಣಿಗೆ ಮೊದಲು ಬೀಳುವುದು ಫಲಕದ ಮೇಲಿನ ಅಂಕಿ. ನಾಲ್ಕು ದ್ವೀಪ, ಏಳು ದ್ವೀಪ, ಪೀಪೀ ಜೊತೆಗೆ ಇನ್ನೆರಡು. ಬೆಲೆಗಿಂತ ದೊಡ್ಡ ಅಕ್ಷರದಲ್ಲಿ ದ್ವೀಪಗಳ ಲೆಕ್ಕವಿರುತ್ತದೆ. ಊಟ, ಲೈಫ್ ಜಾಕೆಟ್, ಸ್ನಾರ್ಕೆಲ್ ಮುಖವಾಡ ಎಲ್ಲವೂ ಟಿಕೆಟ್ಟಿನಲ್ಲೇ ಸೇರಿರುತ್ತವೆ. 2023ರ ನವೆಂಬರಿನಲ್ಲಿ ಆ ದೇಶ ಭಾರತೀಯರಿಗೆ ವೀಸಾ ಇಲ್ಲದ ಪ್ರವೇಶ ಕೊಟ್ಟಿತು. 2024ರ ಒಂದೇ ವರ್ಷದಲ್ಲಿ ನಮ್ಮ ದೇಶದಿಂದ 20 ಲಕ್ಷಕ್ಕೂ ಹೆಚ್ಚು ಜನ ಅಲ್ಲಿಗೆ ಹೋಗಿಬಂದರು. ಬೆಂಗಳೂರಿನಿಂದ ಫುಕೆಟ್ಟಿಗೆ ನೇರ ವಿಮಾನವಿದೆ. ಹಾಗಾಗಿ ಕನ್ನಡದ ಮಧ್ಯಮವರ್ಗದ ಮನೆಗಳಲ್ಲಿ ಗೋವಾಕ್ಕೆ ಹೋದಷ್ಟೇ ಸಲೀಸಾಗಿ ‘ಐಲೆಂಡ್ ಹಾಪಿಂಗ್’ ಎಂಬ ಮಾತು ಓಡಾಡುತ್ತಿದೆ. ದ್ವೀಪದಿಂದ ದ್ವೀಪಕ್ಕೆ ಹಾರುವ ಈ ಪ್ರವಾಸದ ಬಗ್ಗೆ ಎರಡು ದೂರುಗಳಿವೆ. ಹೋಗಿಬಂದವರದು, ‘ಅಷ್ಟೇನೂ ಕಾಣಲಿಲ್ಲ, ಬರೀ ಜನ’ ಎಂಬುದು. ಕಡಲಜೀವ ತಜ್ಞರದು, ಹವಳ ಹಾಳಾಗುತ್ತಿದೆ ಎಂಬುದು. ಇವು ಬೇರೆ ಬೇರೆ ದೂರುಗಳೆಂದು ನಾವು ತಿಳಿದಿದ್ದೇವೆ. ನನ್ನ ವಾದವೆಂದರೆ ಎರಡಕ್ಕೂ ಬೇರು ಒಂದೇ, ಮತ್ತು ಅದು ಜನರ ಸಂಖ್ಯೆಗಿಂತ ಹೆಚ್ಚಾಗಿ ಆ ಫಲಕದ ಮೇಲಿನ ಅಂಕಿ ಹುಟ್ಟಿಸುವ ಆತುರ.

ಲೆಕ್ಕ ಹಾಕಿ ನೋಡಬಹುದು. ಫುಕೆಟ್ಟಿನಿಂದ ಪೀಪೀ ದ್ವೀಪಗಳು ಸುಮಾರು 45 ಕಿಲೋಮೀಟರ್ ದೂರ. ಸ್ಪೀಡ್ ಬೋಟಿಗೆ ಹೋಗಲು ಹೆಚ್ಚುಕಡಿಮೆ ಒಂದು ಗಂಟೆ, ಬರಲು ಒಂದು ಗಂಟೆ. ಒಂಬತ್ತರ ಸುಮಾರಿಗೆ ಹೊರಟ ದೋಣಿ ನಾಲ್ಕೂವರೆಗೆಲ್ಲ ಮರಳಿರಬೇಕು. ಊಟಕ್ಕೆ ಒಂದು ಗಂಟೆ ಕಳೆಯಿರಿ, ದ್ವೀಪದಿಂದ ದ್ವೀಪಕ್ಕೆ ಓಡುವ ಹೊತ್ತು ಕಳೆಯಿರಿ, ಹತ್ತಿಸಿ ಇಳಿಸಿ ತಲೆ ಎಣಿಸುವ ಹೊತ್ತನ್ನೂ ಕಳೆಯಿರಿ. ಉಳಿಯುವ ಮೂರು ಗಂಟೆ ಚಿಲ್ಲರೆಯನ್ನು ಮಾಯಾ ಕೊಲ್ಲಿ, ಪಿಲೇ ಎಂಬ ಹಸಿರು ನೀರಿನ ಕಡಲಕೊಳ, ಬಿದಿರು ದ್ವೀಪ, ಕೋತಿಗಳ ತೀರ, ವೈಕಿಂಗ್ ಗುಹೆ ಹಂಚಿಕೊಳ್ಳುತ್ತವೆ. ಗುಹೆಯಂತೂ ದೋಣಿಯಿಂದಲೇ ನೋಡಿ ಮುಂದೆ ಹೋಗುವಂಥದು. ಒಳಗೆ ಬಾನಾಡಿಗಳ ಗೂಡು ಕೀಳುವ ವ್ಯಾಪಾರ ನಡೆಯುತ್ತದೆ, ಪ್ರವಾಸಿಗೆ ಪ್ರವೇಶವಿಲ್ಲ. (ಆ ಗೂಡು ಹಕ್ಕಿಯ ಜೊಲ್ಲಿನಿಂದ ಆದದ್ದು, ಚೀನೀ ಸೂಪಿಗೆ ಹೋಗುತ್ತದೆ.) ಕೊನೆಗೆ ನೀರಿನೊಳಗೆ ಮುಖವಿಟ್ಟು ಹವಳ ನೋಡುವ ಭಾಗ್ಯಕ್ಕೆ ಸಿಕ್ಕುವುದು ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು. ಟಿಕೆಟ್ಟಿನಲ್ಲಿ ದ್ವೀಪ ಹೆಚ್ಚಿದಷ್ಟೂ ಸಮುದ್ರ ಕಡಿಮೆಯಾಗುತ್ತದೆ ಎಂಬುದು ಗಣಿತ, ಅಭಿಪ್ರಾಯವಲ್ಲ.

ಆ ಅರ್ಧ ಗಂಟೆಯಲ್ಲಿ ನಡೆಯುವುದನ್ನು ಗಮನಿಸಬೇಕು. ನಮ್ಮ ಬಯಲುಸೀಮೆಯಿಂದ ಹೋದವರಲ್ಲಿ ಈಜು ಬಲ್ಲವರು ಕಡಿಮೆ. ಲೈಫ್ ಜಾಕೆಟ್ ಇದೆಯಲ್ಲ ಎಂಬ ಧೈರ್ಯದಲ್ಲಿ ಇಳಿಯುತ್ತಾರೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೆ! ಆದರೆ ಸ್ನಾರ್ಕೆಲ್ ಕೊಳವೆ ಕಚ್ಚಿ ಬಾಯಿಂದ ಮಾತ್ರ ಉಸಿರಾಡುವುದು ದೇಹಕ್ಕೆ ಒಗ್ಗಬೇಕಾದ ಹೊಸ ಅಭ್ಯಾಸ. ಮುಖವಾಡ ಸರಿಯಾಗಿ ಕೂರದಿದ್ದರೆ ಮೂಗಿಗೆ ನೀರು, ಕೊಳವೆ ವಾಲಿದರೆ ಬಾಯಿಗೆ ಉಪ್ಪು. ಮೊದಲ ಹತ್ತು ನಿಮಿಷ ಕೆಮ್ಮಿನಲ್ಲೇ ಹೋಗುತ್ತದೆ. ಗಾಬರಿಯಾದ ಮನುಷ್ಯ ಮಾಡುವ ಮೊದಲ ಕೆಲಸವೆಂದರೆ ಕಾಲೂರಲು ನೆಲ ಹುಡುಕುವುದು. ಆಳವಿಲ್ಲದ ಕಡೆ ಕಾಲಿಗೆ ಸಿಗುವ ಆ ನೆಲವೇ ಹವಳ. ಕಲ್ಲಿನಂತೆ ಕಂಡರೂ ಅದರ ಮೇಲ್ಪದರ ಜೀವಂತ. ಸಾಸಿವೆಯಷ್ಟು, ಹೆಸರುಕಾಳಿನಷ್ಟು ದೊಡ್ಡ ಸಾವಿರಾರು ಪ್ರಾಣಿಗಳು ಸೇರಿ ಕಟ್ಟಿದ ಕೇರಿ ಅದು. ಗುಂಡಗೆ ಬೆಳೆಯುವ ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಕೊಂಬೆ ಹವಳ ಅದಕ್ಕಿಂತ ಬೇಗ ಬೆಳೆಯುತ್ತದೆ, ಅಷ್ಟೇ ಸುಲಭವಾಗಿ ಮುರಿಯುತ್ತದೆ. ಒಂದು ಗಾಬರಿಯ ಹೆಜ್ಜೆ ಹಲವು ವರ್ಷಗಳ ದುಡಿಮೆಯನ್ನು ಪುಡಿ ಮಾಡುತ್ತದೆ. ಹಾಗೆ ಹೆಜ್ಜೆಯಿಟ್ಟವನು ಕೆಟ್ಟವನಲ್ಲ. ನೀರಿಗೆ ಹೊಂದಿಕೊಳ್ಳಲು ಅವನಿಗೆ ಯಾರೂ ಹೊತ್ತು ಕೊಡಲಿಲ್ಲ, ಅಷ್ಟೆ.

ಉಳಿದ ಹಾನಿಗಳ ಹಿಂದೆಯೂ ಇದೇ ಗಡಿಯಾರವಿದೆ. ಅರ್ಧ ಗಂಟೆಯಲ್ಲಿ ಮೀನು ತೋರಿಸಲೇಬೇಕಾದ ದೋಣಿಯವನು ಬ್ರೆಡ್ಡಿನ ಚೂರು ಎಸೆಯುತ್ತಾನೆ. ಥಾಯ್ಲೆಂಡಿನ ಕಡಲ ರಾಷ್ಟ್ರೀಯ ಉದ್ಯಾನಗಳಲ್ಲಿ ಇದು ನಿಷಿದ್ಧ, ಆದರೂ ಎಸೆಯುವ ಕೈ ನಿಂತಿಲ್ಲ. ಮುತ್ತಿಕೊಳ್ಳುವ ಪಟ್ಟೆಮೀನುಗಳ ವಿಡಿಯೊ ಚೆನ್ನಾಗಿ ಬರುತ್ತದೆ. ಆದರೆ ಆ ಮೀನುಗಳ ಪೈಕಿ ಹಲವಕ್ಕೆ ಅಲ್ಲೊಂದು ಕೆಲಸವಿದೆ: ಹವಳದ ಮೇಲೆ ಹಬ್ಬುವ ಪಾಚಿಯನ್ನು ಮೇಯುವುದು. ಬ್ರೆಡ್ಡು ಸಿಗುವಾಗ ಪಾಚಿ ಯಾರಿಗೆ ಬೇಕು? ಗಿಳಿಮೀನಿನ ಕಥೆ ಇನ್ನೂ ಸ್ವಾರಸ್ಯದ್ದು. ಗಿಣಿಯ ಕೊಕ್ಕಿನಂಥ ಹಲ್ಲಿನಿಂದ ಸತ್ತ ಹವಳವನ್ನು ಪಾಚಿಯ ಸಮೇತ ಕೆರೆದು ತಿಂದು, ಅರೆದು, ಹಿಂದಿನಿಂದ ಬಿಳಿ ಮರಳಾಗಿ ಬಿಡುತ್ತದೆ. ಹವಳದ ನಾಡಿನ ‘ಸಕ್ಕರೆಯಂಥ ಮರಳಿನ ತೀರ’ಗಳಲ್ಲಿ ಆ ಮರಳಿನ ಗಣನೀಯ ಪಾಲು ಇದೇ ಮೀನಿನ ಹಿಕ್ಕೆ, ಜಾಹೀರಾತಿನವರು ಹೇಳುವುದಿಲ್ಲ. ಲಂಗರಿನದೂ ಹಾಗೆಯೇ. ನೀರಿನಲ್ಲಿ ಮೊದಲೇ ಕಟ್ಟಿಟ್ಟ ತೇಲುಗುಂಡಿಗೆ ಹಗ್ಗ ಬಿಗಿಯುವುದಕ್ಕೆ ಸರದಿ ಕಾಯಬೇಕು, ಲಂಗರು ಎಸೆಯಲು ಕಾಯಬೇಕಿಲ್ಲ. ಎಲ್ಲ ದೋಣಿಗಳೂ ಒಂದೇ ವೇಳಾಪಟ್ಟಿ ಹಿಡಿದು ಹತ್ತು ಹನ್ನೊಂದರ ನಡುವೆ ಒಂದೇ ಕೊಲ್ಲಿಗೆ ನುಗ್ಗಿದಾಗ ಕಾಯುವ ತಾಳ್ಮೆ ಯಾರಿಗಿರುತ್ತದೆ?

ಇದು ಬರೀ ತರ್ಕವಲ್ಲ ಎನ್ನಲು ಮಾಯಾ ಕೊಲ್ಲಿಯೇ ಸಾಕ್ಷಿ. ಪೀಪೀ ಲೇ ದ್ವೀಪದ, ಮೂರು ಕಡೆ ಸುಣ್ಣಕಲ್ಲಿನ ಗೋಡೆಯಿರುವ ಈ ಪುಟ್ಟ ಕೊಲ್ಲಿಯಲ್ಲಿ ಲಿಯೊನಾರ್ಡೊ ಡಿಕಾಪ್ರಿಯೊ ನಟಿಸಿದ ‘ದಿ ಬೀಚ್’ ಚಿತ್ರ ತೆಗೆದರು. ಅದು 2000ದಲ್ಲಿ ತೆರೆಗೆ ಬಂದ ಮೇಲೆ ಜಗತ್ತೇ ಅಲ್ಲಿಗೆ ಹರಿಯಿತು. ದಿನಕ್ಕೆ 5,000 ದಾಟಿದ ಜನ, ನೂರಾರು ದೋಣಿ. 2018ರ ಜೂನ್ 1ರಂದು ನಾಲ್ಕು ತಿಂಗಳಿಗೆಂದು ಮುಚ್ಚಿದ ಕೊಲ್ಲಿ ಮತ್ತೆ ತೆರೆದದ್ದು 2022ರ ಜನವರಿ 1ರಂದು. ಈ ನಡುವೆ ಅಲ್ಲಿ ಸಾವಿರಾರು ಹವಳದ ತುಂಡುಗಳನ್ನು ನೆಟ್ಟರು. ಕಪ್ಪು ತುದಿಯ ರೆಕ್ಕೆಯ ಸಣ್ಣ ಶಾರ್ಕುಗಳು ಹತ್ತಾರು ಸಂಖ್ಯೆಯಲ್ಲಿ ಆಳವಿಲ್ಲದ ನೀರಿಗೆ ಮರಳಿದವು. ಕೋವಿಡ್ಡಿನಿಂದ ಲೋಕವೇ ನಿಂತಿತ್ತಲ್ಲ, ಅದರ ಪುಣ್ಯ ಎಂದು ಕೆಲವರು ಹೇಳುತ್ತಾರೆ. ಆದರೆ ಶಾರ್ಕುಗಳು ಕಂಡ ಸುದ್ದಿ ಕೋವಿಡ್ಡಿಗೂ ಮೊದಲಿನದು. ನನಗೆ ಹೆಚ್ಚು ಮುಖ್ಯವೆನಿಸುವುದು ತೆರೆದ ಮೇಲಿನ ನಿಯಮ. ಒಂದು ಸರದಿಗೆ 375 ಜನ, ಒಬ್ಬರಿಗೆ ಒಂದು ಗಂಟೆ. ದೋಣಿ ಕೊಲ್ಲಿಯೊಳಗೆ ಬರುವಂತಿಲ್ಲ. ದ್ವೀಪದ ಬೆನ್ನಿನ ಲೋಹ್ ಸಾಮಾ ಕೊಲ್ಲಿಯಲ್ಲಿ ಇಳಿದು, ಮರದ ಹಲಗೆಯ ದಾರಿಯಲ್ಲಿ ನಡೆದು ಬರಬೇಕು. ಈಜು ನಿಷಿದ್ಧ, ಮೊಣಕಾಲುದ್ದದ ನೀರಿಗಷ್ಟೇ ಅನುಮತಿ. ಆಗಸ್ಟ್, ಸೆಪ್ಟೆಂಬರ್ ಪೂರ್ತಿ ರಜೆ. ಈಗ ಕೂಡಿಸಿ ನೋಡಿ: ಬೆಳಗಿನಿಂದ ಸಂಜೆಯವರೆಗಿನ ಸರದಿಗಳನ್ನೆಲ್ಲ ಸೇರಿಸಿದರೆ ದಿನಕ್ಕೆ 4,000ದ ಆಸುಪಾಸು ಜನ. ಹಿಂದಿನದಕ್ಕಿಂತ ಕಡಿಮೆ ನಿಜ, ಆದರೆ ಆಕಾಶ ಭೂಮಿಯ ಅಂತರವೇನಲ್ಲ. ದೊಡ್ಡದಾಗಿ ಬದಲಾದದ್ದು ಜನ ಬರುವ ಬಗೆ: ಒಟ್ಟಿಗೆ ನುಗ್ಗುವುದು ನಿಂತಿತು, ಲಂಗರು ಆಚೆ ಹೋಯಿತು, ಕಾಲು ಹವಳದ ಮೇಲಿಂದ ಮರಳಿನ ಮೇಲಕ್ಕೆ ಬಂತು.

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದು. ವರ್ಷಕ್ಕೊಮ್ಮೆ ಸಿಗುವ ನಾಲ್ಕು ದಿನದ ರಜೆ, ಕೂಡಿಟ್ಟ ದುಡ್ಡು. ಮತ್ತೆ ಹೋಗುತ್ತೇವೋ ಇಲ್ಲವೋ. ಸಿಕ್ಕಿದ್ದನ್ನೆಲ್ಲ ನೋಡಿಬಿಡುವುದರಲ್ಲಿ ತಪ್ಪೇನು? ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಉಡುಪಿ, ಕೊಲ್ಲೂರುಗಳನ್ನು ವಾರಾಂತ್ಯದಲ್ಲಿ ಮುಗಿಸುವ ನಾಡು ನಮ್ಮದು. ಆದರೆ ದೇವಸ್ಥಾನದಲ್ಲಿ ಅರೆಗಳಿಗೆ ಕೈಮುಗಿದರೂ ದರ್ಶನ ದರ್ಶನವೇ, ಅದಕ್ಕೆ ಅಳತೆಯಿಲ್ಲ. ನೀರಿನೊಳಗಿನ ದರ್ಶನ ಹಾಗಲ್ಲ. ಇಪ್ಪತ್ತು ಜನ ಧುಮುಕಿ ಕೈಕಾಲು ಬಡಿದಾಗ ಹವಳದ ಮೀನುಗಳು ಸಂದಿ ಸೇರುತ್ತವೆ, ಮರಳೆದ್ದು ನೀರು ಬಗ್ಗಡವಾಗುತ್ತದೆ. ಗದ್ದಲ ತಣ್ಣಗಾಗಿ, ಮರಳು ಕೂತು, ಮೀನು ಹೊರಬರುವ ಹೊತ್ತಿಗೆ ದೋಣಿಯವನು ಸೀಟಿ ಊದುತ್ತಾನೆ. ಆರು ದ್ವೀಪ ನೋಡಿದವನು ಇದನ್ನು ಆರು ಸಲ ಅನುಭವಿಸುತ್ತಾನೆ. ದುಡ್ಡಿನ ಬೆಲೆ ತಿಳಿದವನೇ ಎರಡು ದ್ವೀಪದ ಟಿಕೆಟ್ಟು ಕೇಳಬೇಕು.

ಎರಡನೆಯದು ಹೊಟ್ಟೆಪಾಡಿನ ಪ್ರಶ್ನೆ. ಉದ್ದ ಬಾಲದಂಥ ಇಂಜಿನ್ನಿನ ನಾಡದೋಣಿಯವರು, ಅಡುಗೆಯವರು, ಅಂಗಡಿಯವರು ಇದನ್ನೇ ನಂಬಿದ್ದಾರೆ. ಮುಚ್ಚು, ಮಿತಿ ಹಾಕು ಎಂದು ದೂರ ಕೂತು ಬರೆಯುವುದು ಸುಲಭ. ಕರಾವಳಿಯವರಿಗೆ ಇದರ ಉತ್ತರ ನಮ್ಮ ಮನೆಯಂಗಳದಲ್ಲೇ ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರ್ನಾಟಕದ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಮಲ್ಪೆ, ಗಂಗೊಳ್ಳಿ ಬಂದರುಗಳಲ್ಲಿ ದೋಣಿಗಳು ಒತ್ತೊತ್ತಾಗಿ ನಿಲ್ಲುತ್ತವೆ, ಬಲೆ ಹೊಲಿಯುತ್ತಾರೆ, ಸಾಲ ಬೆಳೆಯುತ್ತದೆ. ಕಷ್ಟವಿದೆ, ಅದನ್ನು ಸಣ್ಣದು ಮಾಡಬಾರದು. ಆದರೂ ಮೀನು ಮೊಟ್ಟೆಯಿಡುವ ಕಾಲಕ್ಕೆ ಕಡಲಿಗೆ ಬಿಡುವು ಬೇಕೆಂಬುದನ್ನು ಮೀನುಗಾರರೇ ಅಲ್ಲಗಳೆಯುವುದಿಲ್ಲ. ಸಮುದ್ರಕ್ಕೆ ಹಾಲೆರೆದು ತೆಂಗಿನಕಾಯಿ ಅರ್ಪಿಸಿಯೇ ಹೊಸ ಋತುವಿಗೆ ಇಳಿಯುವವರು ಅವರು. ಅಂಡಮಾನ್ ಸಮುದ್ರದ ಥಾಯ್ ತೀರಕ್ಕೂ ಬೀಸುವುದು ಇದೇ ನೈಋತ್ಯ ಮುಂಗಾರು, ಅಲ್ಲಿನ ಸಿಮಿಲಾನ್ ದ್ವೀಪಗಳು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತವೆ. ಇನ್ನು, ಒಂದು ಕೊಲ್ಲಿಯಲ್ಲಿ ಮೂರು ಗಂಟೆ ನಿಲ್ಲುವ ದೋಣಿಗೆ ಇಂಧನದ ಖರ್ಚು ಕಡಿಮೆ, ನಾಡದೋಣಿಯವನೂ ಅಲ್ಲಿ ಸ್ಪರ್ಧೆಗೆ ನಿಲ್ಲಬಲ್ಲ. ಏಳು ದ್ವೀಪದ ಓಟದಲ್ಲಿ ಗೆಲ್ಲುವುದು ಮೂರು ಇಂಜಿನ್ನಿನ ಸ್ಪೀಡ್ ಬೋಟಿನ ಮಾಲೀಕ ಮಾತ್ರ.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಹವಳವನ್ನು ಕೊಲ್ಲುತ್ತಿರುವುದು ಪ್ರವಾಸಿಯ ಕಾಲಲ್ಲ, ಬಿಸಿಯೇರಿದ ಸಮುದ್ರ. ನೀರು ಕಾದಾಗ ಹವಳ ತನ್ನೊಳಗಿನ, ತನಗೆ ಅನ್ನ ಬೇಯಿಸಿ ಕೊಡುವ ಸೂಕ್ಷ್ಮ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಾಗತಿಕ ಮಟ್ಟದ ನಾಲ್ಕನೆಯ ಬಿಳಿಚುವಿಕೆಯನ್ನು ಘೋಷಿಸಿದರು. ಅದರ ಮುಂದೆ ಈ ಬ್ರೆಡ್ಡು ಲಂಗರುಗಳ ಮಾತು ಯಾವ ಲೆಕ್ಕ ಎಂದರೆ ತಳ್ಳಿಹಾಕಲಾಗದು. ಆದರೆ ಬಿಳಿಚಿದ ಹವಳ ಸತ್ತ ಹವಳವಲ್ಲ; ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ. ಜ್ವರ ಬಿದ್ದವನ ಬೆನ್ನಿಗೆ ಮೂಟೆ ಹೊರಿಸಬಾರದು ಎಂಬುದಷ್ಟೇ ಇಲ್ಲಿನ ವಿವೇಕ. ಸನ್‌ಸ್ಕ್ರೀನ್ ವಿಷಯದಲ್ಲೂ ಹೀಗೇ. ಆಕ್ಸಿಬೆಂಜೋನ್ ಸೇರಿ ನಾಲ್ಕು ರಾಸಾಯನಿಕಗಳಿರುವ ಲೇಪಗಳನ್ನು 2021ರಲ್ಲಿ ಥಾಯ್ಲೆಂಡ್ ತನ್ನ ಕಡಲ ಉದ್ಯಾನಗಳಲ್ಲಿ ನಿಷೇಧಿಸಿತು. ದಂಡ 1,00,000 ಬಾತ್‌ವರೆಗೆ. ಪ್ರಯೋಗಾಲಯದ ಫಲಿತಾಂಶ ತೆರೆದ ಕಡಲಿಗೆ ಎಷ್ಟು ಹೊಂದುತ್ತದೆಂಬ ಚರ್ಚೆ ವಿಜ್ಞಾನಿಗಳಲ್ಲಿದೆ, ಇರಲಿ. ತುಂಬುತೋಳಿನ ಈಜುಡುಗೆ ತೊಟ್ಟರೆ ಆ ಚರ್ಚೆಯ ಗೊಡವೆಯೇ ಬೇಡ, ಬೆನ್ನೂ ಸುಡುವುದಿಲ್ಲ.

ಆತುರದ ಬೆಲೆಯನ್ನು ಹವಳ ಮಾತ್ರ ತೆರುವುದಿಲ್ಲ. 2018ರ ಜುಲೈ 5ರಂದು ಫುಕೆಟ್ ಬಳಿ ‘ಫೀನಿಕ್ಸ್’ ಎಂಬ ಪ್ರವಾಸಿ ದೋಣಿ ಮುಂಗಾರಿನ ಬಿರುಗಾಳಿಗೆ ಸಿಕ್ಕಿ ಮುಳುಗಿ 47 ಚೀನೀ ಪ್ರವಾಸಿಗರು ಸತ್ತರು. ಸ್ನಾರ್ಕೆಲ್ ಮಾಡುವವರ ಅಪಾಯ ಇದಕ್ಕಿಂತ ಸದ್ದಿಲ್ಲದ್ದು. ಮುಖ ಕೆಳಗೆ ಮಾಡಿ ಅಲುಗದೆ ತೇಲುವುದೇ ಆ ಆಟದ ಸಹಜ ಭಂಗಿ. ಪ್ರಜ್ಞೆ ತಪ್ಪಿದವನ ಭಂಗಿಯೂ ಅದೇ. ದೋಣಿಯ ಮೇಲಿಂದ ನೋಡುವವನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮೂವತ್ತು ತಲೆಗೆ ಇಬ್ಬರು ಕಾವಲಿದ್ದು, ಅವರ ಕಣ್ಣು ಮುಂದಿನ ದ್ವೀಪದ ಗಡಿಯಾರದ ಮೇಲಿದ್ದರಂತೂ ಮುಗಿಯಿತು. ಇಬ್ಬಿಬ್ಬರಾಗಿ ಕೈಯಳತೆಯಲ್ಲಿ ತೇಲುವುದು, ಹೋಟೆಲಿನ ಈಜುಕೊಳದಲ್ಲಿ ಹಿಂದಿನ ಸಂಜೆ ಮುಖವಾಡ ಹಾಕಿ ಉಸಿರಾಟ ರೂಢಿ ಮಾಡಿಕೊಳ್ಳುವುದು, ಇಂಥ ಸಣ್ಣ ಸಿದ್ಧತೆ ಹವಳವನ್ನೂ ಉಳಿಸುತ್ತದೆ, ಮನುಷ್ಯನನ್ನೂ.

ಈ ಮಾತನ್ನು ಥಾಯ್ಲೆಂಡಿಗೇ ಬಿಟ್ಟುಬಿಡುವಂತಿಲ್ಲ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ, ಹಳೆಯ ನಕಾಶೆಗಳ ಪಾರಿವಾಳ ದ್ವೀಪ, ನಮ್ಮ ರಾಜ್ಯದಲ್ಲಿ ಹವಳ ನೋಡಲು ಜನ ಹೋಗುವ ಜಾಗ. ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಬಳಸಿದ್ದ ಆ ಬಂಡೆಯ ಸುತ್ತ ಈಗ ಸ್ಕೂಬಾ, ಸ್ನಾರ್ಕೆಲ್ ಪ್ರವಾಸ ನಡೆಯುತ್ತದೆ. ಅಲ್ಲಿಗೆ ಹೋಗುವ ದೋಣಿ ಇವತ್ತಿಗೂ ಒಂದೇ ದ್ವೀಪಕ್ಕೆ ಹೋಗಿ, ಅದರ ನೆರಳಲ್ಲೇ ನಿಂತು, ವಾಪಸು ಬರುತ್ತದೆ. ಮಳೆಗಾಲದಲ್ಲಿ ಹೋಗುವುದೇ ಇಲ್ಲ. ಕಾರವಾರದ ಕೂರ್ಮಗಡ, ಮಲ್ಪೆಯ ಸೇಂಟ್ ಮೇರಿ, ನೇತ್ರಾಣಿ ಇವನ್ನೆಲ್ಲ ಪೋಣಿಸಿ ‘ಕರಾವಳಿ ಐಲೆಂಡ್ ಹಾಪಿಂಗ್’ ಎಂಬ ಪ್ಯಾಕೇಜು ಇಂದಲ್ಲ ನಾಳೆ ಯಾರಿಗಾದರೂ ಹೊಳೆದೇ ಹೊಳೆಯುತ್ತದೆ. ಹೊಳೆದಾಗ ಕೌಂಟರಿನಲ್ಲಿ ನಾವು ಕೇಳುವ ಮೊದಲ ಪ್ರಶ್ನೆ ‘ಎಷ್ಟು ದ್ವೀಪ?’ ಎಂದಾಗಿದ್ದರೆ ಮಾರುವವನು ಅಂಕಿಯನ್ನೇ ಬೆಳೆಸುತ್ತಾನೆ. ‘ನೀರಲ್ಲಿ ಎಷ್ಟು ಹೊತ್ತು ಬಿಡುತ್ತೀರಿ, ಲಂಗರು ಎಲ್ಲಿ ಹಾಕುತ್ತೀರಿ?’ ಎಂದು ಕೇಳಿದರೆ ಅವನು ಒಂದು ಕ್ಷಣ ಮುಖ ನೋಡಿಯಾನು. ಹತ್ತು ಜನ ಕೇಳಿದ ಮೇಲೆ ಅದನ್ನೂ ಫಲಕದಲ್ಲಿ ಬರೆಸುತ್ತಾನೆ.